ಮೆಟ್ಟಿಲು ಹತ್ತಲಾಗದವರಿಗೆ ಬಾದಾಮಿಯಲ್ಲಿ ಏನಿದೆ?

ಪ್ರಶ್ನೆ: ನನ್ನ ತಾಯಿಗೆ ಮಂಡಿನೋವು. ಗುಹೆಗಳ ಮೆಟ್ಟಿಲು ಹತ್ತಲಾರರು. ಆದರೂ ಅವರನ್ನು ಬಾದಾಮಿಗೆ ಕರೆದುಕೊಂಡು ಹೋಗಬಹುದೇ?

ಖಂಡಿತ ಕರೆದುಕೊಂಡು ಹೋಗಿ. ಗುಹೆಗಳನ್ನಷ್ಟೇ ನೋಡಿ ಅವಸರದಲ್ಲಿ ಐಹೊಳೆಗೆ ಹೊರಡುವವರು ಬಾದಾಮಿಯ ಅರ್ಧವನ್ನು ಬಿಟ್ಟೇ ಹೋಗುತ್ತಾರೆ. ಆ ಅರ್ಧಕ್ಕೆ ಬೆಟ್ಟ ಹತ್ತಬೇಕಾಗಿಲ್ಲ. ಎರಡು ಕೆಂಪು ಬೆಟ್ಟಗಳ ನಡುವೆ ಕಮರಿ, ಕಮರಿಯಲ್ಲಿ ಅಗಸ್ತ್ಯ ತೀರ್ಥವೆಂಬ ಕೆರೆ, ಅದರ ಉತ್ತರ ದಂಡೆಯಲ್ಲಿ ಬಹುಮಟ್ಟಿಗೆ ಸಮತಟ್ಟಾದ ದಾರಿ. ಪುರಾತತ್ವ ವಸ್ತುಸಂಗ್ರಹಾಲಯದಿಂದ ಪೂರ್ವ ತುದಿಯ ಭೂತನಾಥ ಗುಡಿಗೆ ಒಂದು ಕಿಲೋಮೀಟರ್ ಕೂಡ ಇಲ್ಲ.

ಇಲ್ಲಿ ನಿಧಾನವಾಗಿ ನಡೆಯುವವರಿಗೇ ಹೆಚ್ಚು ಕಾಣಸಿಗುತ್ತದೆ. ಬಂಡೆಗಳ ಮೈಯನ್ನು ಗಮನಿಸಿ: ಒಂದರ ಮೇಲೊಂದು ಪದರ, ನಡುನಡುವೆ ಓರೆಯಾಗಿ ಹಾದ ಗೆರೆಗಳು. ಕೋಟ್ಯಂತರ ವರ್ಷಗಳ ಹಿಂದೆ ಹರಿಯುವ ನೀರು ತಂದು ಹಾಕಿದ ಮರಳೇ ಗಟ್ಟಿಯಾಗಿ ಈ ಮರಳುಗಲ್ಲಾಯಿತು. ಅದರೊಳಗಿನ ಕಬ್ಬಿಣದ ಅಂಶ ಈ ಕೆಂಪನ್ನು ಕೊಟ್ಟಿತು. ಮುಂದೆ ಮಳೆನೀರು ಬಿರುಕುಗಳನ್ನು ಹಿಡಿದು ಕೊರೆಯುತ್ತ ಹೋದದ್ದರಿಂದ ಕಡಿದಾದ ಗೋಡೆಗಳು ಉಳಿದವು. 543ರಲ್ಲಿ ಚಾಲುಕ್ಯ ಅರಸ ಒಂದನೇ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದಾಗ ಅರ್ಧ ಕೆಲಸವನ್ನು ಪ್ರಕೃತಿಯೇ ಮಾಡಿ ಮುಗಿಸಿತ್ತು. ಕೆರೆಯ ಮೇಲಿನ ಬಂಡೆಗಲ್ಲಿನಲ್ಲೇ ಕಪ್ಪೆ ಅರಭಟ್ಟನ ಶಾಸನವೂ ಇದೆ. ಕನ್ನಡದ ತ್ರಿಪದಿ, ಎಂದರೆ ಮೂರು ಸಾಲಿನ ಪದ್ಯ, ನಮಗೆ ಮೊದಲು ಸಿಗುವುದು ಅದರಲ್ಲಿ, ಅಂದರೆ ಸುಮಾರು 700ರ ಹೊತ್ತಿಗೆ.

ಗುಹೆಗಳು ಪೂರ್ತಿ ತಪ್ಪಿಹೋದವೆಂದು ತಾಯಿಯವರು ಬೇಸರಪಡಬೇಕಿಲ್ಲ. ದಂಡೆಯಿಂದ ನೀರಿನಾಚೆ ನೋಡಿದರೆ ದಕ್ಷಿಣದ ಬೆಟ್ಟದಲ್ಲಿ ಅವು ಕಾಣುತ್ತವೆ. 578ರಲ್ಲಿ ಚಾಲುಕ್ಯರ ಮಂಗಳೇಶ ಮಾಡಿಸಿದ ಮೂರನೆಯ ಗುಹೆ ಅಲ್ಲಿಯೇ ಇದೆ. ಭೂತನಾಥದಲ್ಲಿ ಮಾತ್ರ ಕೆಲವು ಮೆಟ್ಟಿಲುಗಳಿವೆ. ಕೈ ಹಿಡಿದುಕೊಳ್ಳಿ, ಆಗದಿದ್ದರೆ ಕೆಳಗೇ ಕೂರಿಸಿ. ಗುಡಿಯ ಹಿಂದಿನ ಬಂಡೆಗಳಲ್ಲಿ ಕೊರೆದ ವರಾಹ, ಗಣಪತಿ, ಮಹಿಷಮರ್ದಿನಿಯರನ್ನು ನೀವಾದರೂ ಹೋಗಿ ನೋಡಿಬನ್ನಿ.

ನವೆಂಬರಿನಿಂದ ಫೆಬ್ರವರಿಯೊಳಗೆ, ಬೆಳಿಗ್ಗೆ ಬೇಗ ಹೊರಡಿ. ಬೇಸಿಗೆಯಲ್ಲಿ ಈ ಕಲ್ಲು ಕಾದರೆ ಸಂಜೆಯಾದರೂ ಆರುವುದಿಲ್ಲ, ವಯಸ್ಸಾದವರಿಗೆ ಅದು ನಿಜಕ್ಕೂ ಅಪಾಯ. ಕೋತಿಗಳ ಕಾಟವಿದೆ, ತಿಂಡಿಯ ಚೀಲವನ್ನು ಕೈಯಲ್ಲಿ ಹಿಡಿಯಬೇಡಿ. ಮಳೆಗಾಲವಾದರೆ ಜೋರು ಮಳೆಯ ಬೆನ್ನಿಗೇ ಬೆಟ್ಟದಿಂದ ಧಾರೆಗಳು ಕೆರೆಗೆ ಬೀಳುವುದನ್ನು ಕಾಣಬಹುದು, ಆದರೆ ಕಲ್ಲು ಜಾರುತ್ತದೆ. ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಅಲ್ಲಿರುವ, ಫಲವತ್ತತೆಯ ದೇವತೆ ಲಜ್ಜಾಗೌರಿಯ ಶಿಲ್ಪಕ್ಕಾಗಿಯಾದರೂ ಬೇರೆ ದಿನ ಗೊತ್ತುಮಾಡಿಕೊಳ್ಳಿ.