ಒಂದು ಬಿಲ್ಲು, ಎರಡು ಪಾವತಿ

ತಿಂಗಳಿಗೊಬ್ಬರಾದರೂ ಎದುರು ಕುಳಿತು ಕೇಳುತ್ತಾರೆ: "ನಮ್ಮ ತಂತ್ರಾಂಶ ಹಳೆಯದಾಯಿತು, ಮೈಕ್ರೋಸರ್ವಿಸ್ ಮಾಡೋಣವೇ?" ಅಂದರೆ ಒಂದೇ ಪ್ರೋಗ್ರಾಮನ್ನು ನೆಟ್‌ವರ್ಕಿನ ಮೂಲಕ ಮಾತಾಡಿಕೊಳ್ಳುವ ಸಣ್ಣ ಸಣ್ಣ ಸೇವೆಗಳಾಗಿ ಒಡೆಯೋಣವೇ ಎಂದು. ತೊಂದರೆ ಏನೆಂದು ಕೇಳಿದರೆ ಉತ್ತರವಿಲ್ಲ. ಗ್ರಾಹಕರ ದೂರೂ ಇಲ್ಲ. ತಂಡಕ್ಕೆ ಬೇಸರ ಬಂದಿದೆ, ಅಷ್ಟೆ.

ಆ ಬೇಸರವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೂರು ವರ್ಷ ಅದೇ ವರದಿಗಳನ್ನು ತಿದ್ದಿದವರ ಮನಸ್ಸು ಜಡ್ಡುಗಟ್ಟುತ್ತದೆ. ಆದರೆ ಎಷ್ಟು ಸಲ ಹೇಳಿದರೂ ಒಂದು ಮಾತು ಮಾತ್ರ ಇವರ ತಲೆಗೆ ಹತ್ತುವುದಿಲ್ಲ. ಒಂದೇ ಪ್ರೋಗ್ರಾಮಿನೊಳಗೆ ಒಂದು ಫಂಕ್ಷನ್ ಇನ್ನೊಂದನ್ನು ಕರೆದರೆ ಕೆಲಸ ಆಗುತ್ತದೆ, ಇಲ್ಲವೇ ದೋಷ ಬರುತ್ತದೆ. ಅದೇ ಕರೆ ನೆಟ್‌ವರ್ಕ್ ದಾಟಿ ಹೋದರೆ ಮೂರನೆಯದೊಂದು ಸೇರುತ್ತದೆ: ಮೌನ. ಕೆಲಸ ಆಯಿತೋ ಇಲ್ಲವೋ, ಮತ್ತೆ ಕರೆಯಬೇಕೋ ಬೇಡವೋ, ತಿಳಿಯುವ ದಾರಿಯಿಲ್ಲ. ಎಲ್ಲವೂ ಒಂದೇ ಡೇಟಾಬೇಸಿನಲ್ಲಿದ್ದಾಗ ಅರ್ಧಕ್ಕೆ ನಿಂತ ಕೆಲಸವನ್ನು ಟ್ರಾನ್ಸಾಕ್ಷನ್ (ಆದರೆ ಪೂರ್ತಿ, ಇಲ್ಲವೇ ಏನೂ ಇಲ್ಲ ಎಂಬ ಡೇಟಾಬೇಸಿನ ಕಟ್ಟು) ತಾನೇ ಅಳಿಸಿಹಾಕುತ್ತಿತ್ತು. ಚೂರು ಮಾಡಿದ ಮೇಲೆ ಆ ಹೊಣೆ ನಿಮ್ಮದು.

ಅಡಿಕೆ ವಹಿವಾಟಿನ ಲೆಕ್ಕದ ತಂತ್ರಾಂಶವೊಂದನ್ನು ಆರು ಜನರ ತಂಡ ಹದಿನಾಲ್ಕು ಸೇವೆಗಳಾಗಿ ಒಡೆದಿತ್ತು. ಒಂದು ಸಂಜೆ ಪಾವತಿ ಸೇವೆ ಉತ್ತರಿಸಲು ತಡಮಾಡಿತು. ಬಿಲ್ಲಿನ ಸೇವೆ ಕಾದು, ಮತ್ತೊಮ್ಮೆ ಕೇಳಿತು. ಬೆಳೆಗಾರರೊಬ್ಬರಿಗೆ ಎರಡು ಸಲ ಹಣ ಹೋಯಿತು. ಮರುದಿನ ಚೀಟಿ ಹಿಡಿದು ಬಂದು ಅವರೇ ತಿಳಿಸಿದರು. ಆ ದೊಡ್ಡ ಮನುಷ್ಯರನ್ನು ಮರೆಯಲಾರೆ.

ನೂರಾರು ಎಂಜಿನಿಯರುಗಳಿರುವಲ್ಲಿ ಬೇರ್ಪಡಿಸುವುದು ಅನಿವಾರ್ಯವಾಗಬಹುದು. ನಿಮ್ಮ ವ್ಯವಸ್ಥೆಯನ್ನು ನೋಡದೆ ಖಚಿತವಾಗಿ ಹೇಳಲಾರೆ. ಆದರೂ ಅಮೆಜಾನ್ ಪ್ರೈಮ್ ವಿಡಿಯೋದ ಒಂದು ತಂಡ ದೃಶ್ಯದ ಗುಣಮಟ್ಟ ಪರೀಕ್ಷಿಸುವ ತನ್ನ ಚೂರುಚೂರಾದ ವ್ಯವಸ್ಥೆಯನ್ನು ಒಂದೇ ಪ್ರೋಗ್ರಾಮಾಗಿ ಕೂಡಿಸಿ, ಮೂಲಸೌಕರ್ಯದ ವೆಚ್ಚ ಶೇ 90ಕ್ಕೂ ಹೆಚ್ಚು ಇಳಿಯಿತೆಂದು 2023ರಲ್ಲಿ ಬರೆದುಕೊಂಡಿತು.

ಅಡಿಕೆಯ ತಂಡದಲ್ಲಿ ಒಬ್ಬ ಚುರುಕು ಹುಡುಗ ಇದ್ದ. ಅವರ ಲೆಕ್ಕವಿದ್ದ ಡೇಟಾಬೇಸ್ ಪೋಸ್ಟ್‌ಗ್ರೆಸ್; 1986ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಬೇರು ಬಿಟ್ಟ ಅದು ಅವನಿಗೆ ಅಜ್ಜನ ಕಾಲದ್ದು. ತಿಂಗಳ ಕೊನೆಯ ವರದಿಗೆ ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ಪಕ್ಕದಲ್ಲಿ ಕುಳಿತು, ಆ ವರದಿಗಾಗಿ ಡೇಟಾಬೇಸಿಗೆ ಕೇಳುವ ಪ್ರಶ್ನೆಯ ಮುಂದೆ 'ಎಕ್ಸ್‌ಪ್ಲೇನ್ ಅನಲೈಸ್' ಬರೆಸಿದೆ; ಡೇಟಾಬೇಸ್ ಉತ್ತರವನ್ನು ಹೇಗೆ ಹುಡುಕಿತೆಂದು ಅದು ತೋರಿಸುತ್ತದೆ. ಒಬ್ಬ ಬೆಳೆಗಾರನ ಲೆಕ್ಕಕ್ಕಾಗಿ ಡೇಟಾಬೇಸ್ ಇಡೀ ಕೋಷ್ಟಕವನ್ನೇ ಜಾಲಾಡುತ್ತಿತ್ತು. ಅವನೇ ಒಂದು ಇಂಡೆಕ್ಸ್, ಅಂದರೆ ಪುಸ್ತಕದ ಕೊನೆಯ ಪದಸೂಚಿಯಂಥದ್ದು, ಸೇರಿಸಿದ. ವರದಿ ಅರ್ಧ ಸೆಕೆಂಡಿನಲ್ಲಿ ಬಂತು. ಅವನು ಊಟಕ್ಕೆ ಏಳಲಿಲ್ಲ. ಉಳಿದ ವರದಿಗಳನ್ನೂ ಒಂದೊಂದಾಗಿ ತೆರೆಯತೊಡಗಿದ.