ಪರಮಾಣುವಿನ ಓಡಾಟ ಲೆಕ್ಕ ಹಾಕಲು ಮಷೀನಿಗೆ ಕಲಿಸಿದ್ದು ಹೇಗೆ?

ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ಟಣದ ಕಲ್ಲಿನಲ್ಲಿ ಲಿಥಿಯಂ ಇದೆ ಎಂಬ ಸುದ್ದಿ 2020ರಲ್ಲಿ ಬಂತು. ಪತ್ರಿಕೆಗಳು ಮೊದಲು ಬರೆದದ್ದು 14,100 ಟನ್. ಮರುವರ್ಷ ಸರ್ಕಾರ ಹೇಳಿದ್ದು 1,600 ಟನ್, ಅದೂ ಅಂದಾಜು. ಎಷ್ಟು ಟನ್ ಅನ್ನುವುದರ ಮೇಲೇ ಎಲ್ಲರ ಗಮನ. ಆದರೆ ಲಿಥಿಯಂ ಸಿಕ್ಕಿದ ಮೇಲೆ ಅದನ್ನು ಎಂಥ ವಸ್ತುವಿನೊಳಗೆ ಇಡಬೇಕು ಅನ್ನುವುದೂ ಅಷ್ಟೇ ದೊಡ್ಡ ಪ್ರಶ್ನೆ. ಬ್ಯಾಟರಿಯೊಳಗೆ ಲಿಥಿಯಂ ಅಯಾನು ಒಂದು ಜಾಗದಿಂದ ಪಕ್ಕದ ಜಾಗಕ್ಕೆ ಜಿಗಿಯುತ್ತಾ ಹೋಗುತ್ತದೆ. ಜಿಗಿತ ಸಲೀಸಾಗಿದ್ದರೆ ಚಾರ್ಜ್ ಬೇಗ ಆಗುತ್ತದೆ. ಯಾವ ವಸ್ತುವಿನಲ್ಲಿ ಸಲೀಸು ಅಂತ ಒಂದೊಂದನ್ನೇ ತಯಾರಿಸಿ ನೋಡುವ ಬದಲು ಮೊದಲು ಕಂಪ್ಯೂಟರಿನಲ್ಲೇ ನೋಡಬಹುದಲ್ವಾ?

ನೋಡಬಹುದು. ಈಗ ಆ ಕೆಲಸಕ್ಕೆ ಮಷೀನ್ ಲರ್ನಿಂಗ್, ಅಂದರೆ ಉದಾಹರಣೆ ತೋರಿಸಿ ಕಂಪ್ಯೂಟರಿಗೆ ಕಲಿಸುವ ವಿಧಾನ, ಬಂದಿದೆ. ಇದು ರಾತ್ರೋರಾತ್ರಿ ಬಂದದ್ದೇನಲ್ಲ. ಇದರ ಹಿಂದೆ ಅರವತ್ತು ವರ್ಷದ ಜಗ್ಗಾಟವಿದೆ.

ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರಹಮಾನ್ 1964ರಲ್ಲಿ ಶಿಕಾಗೊ ಹತ್ತಿರದ ಪ್ರಯೋಗಾಲಯವೊಂದರಲ್ಲಿ 864 ಆರ್ಗಾನ್ ಪರಮಾಣುಗಳನ್ನು ಕಂಪ್ಯೂಟರಿನಲ್ಲಿ ಓಡಾಡಿಸಿದರು. ತೀರಾ ಹತ್ತಿರ ಬಂದರೆ ತಳ್ಳು, ಸ್ವಲ್ಪ ದೂರವಿದ್ದರೆ ಎಳೆ: ಎರಡು ಪರಮಾಣುಗಳ ನಡುವೆ ಇಷ್ಟೇ ಸೂತ್ರ. ಬಲ ಲೆಕ್ಕ ಹಾಕು, ಚೂರು ಸರಿಸು, ಮತ್ತೆ ಲೆಕ್ಕ ಹಾಕು. ಆರ್ಗಾನ್ ಯಾರ ತಂಟೆಗೂ ಹೋಗದ ಅನಿಲ, ಹಾಗಾಗಿ ಈ ಸೂತ್ರ ಸಾಕಾಯಿತು. ಸಿಲಿಕಾನ್ ಹಾಗಲ್ಲ. ಅದರ ಬಂಧಕ್ಕೆ ಕೋನವೂ ಮುಖ್ಯ. ಅದಕ್ಕೇ 1980ರ ದಶಕದಲ್ಲಿ ಲೋಹಕ್ಕೊಂದು, ಸಿಲಿಕಾನಿಗೊಂದು ಅಂತ ಬೇರೆ ಬೇರೆ ಸೂತ್ರಗಳು ಬಂದವು.

ಇನ್ನೊಂದು ದಾರಿ ಕ್ವಾಂಟಂ ಲೆಕ್ಕ. 1964–65ರಲ್ಲಿ ವಾಲ್ಟರ್ ಕೋನ್ ಮತ್ತು ಜೊತೆಗಾರರು ಹಾಕಿಕೊಟ್ಟ ಡಿ.ಎಫ್.ಟಿ. (ಡೆನ್ಸಿಟಿ ಫಂಕ್ಷನಲ್ ಥಿಯರಿ) ವಿಧಾನದಲ್ಲಿ ಎಲೆಕ್ಟ್ರಾನುಗಳದ್ದೇ ಲೆಕ್ಕ, ವಸ್ತುವಿಗೊಂದು ಸೂತ್ರ ಬೇಕಿಲ್ಲ. ಕೋನ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಆದರೆ ಪರಮಾಣುಗಳು ಎರಡರಷ್ಟಾದರೆ ಸಮಯ ಹೆಚ್ಚುಕಮ್ಮಿ ಎಂಟರಷ್ಟಾಗುತ್ತದೆ. ಪರಮಾಣುವನ್ನು ಒಂದು ಸಲಕ್ಕೆ ಸರಿಸುವುದು ಸುಮಾರು ಒಂದು ಫೆಮ್ಟೊಸೆಕೆಂಡಿನಷ್ಟು. ಒಂದು ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು) ನೋಡಬೇಕಾದರೆ ಹತ್ತು ಲಕ್ಷ ಸಲ ಇದೇ ಲೆಕ್ಕ! ಎಷ್ಟೋ ವಸ್ತುಗಳಲ್ಲಿ ಲಿಥಿಯಂ ಒಮ್ಮೆ ಜಿಗಿಯುವ ಮೊದಲೇ ಕಂಪ್ಯೂಟರಿನಲ್ಲಿ ಕೊಟ್ಟ ಸಮಯ ಮುಗಿದಿರುತ್ತದೆ.

ಬೇಗ ಬೇಕಾದರೆ ಒರಟು ಲೆಕ್ಕ, ಸರಿಯಾಗಿ ಬೇಕಾದರೆ ನಿಧಾನ. ಈ ಗಂಟನ್ನು ಸಡಿಲಿಸಿದ್ದು 2007ರಲ್ಲಿ ಯೋರ್ಗ್ ಬೆಲರ್ ಮತ್ತು ಮಿಕೆಲೆ ಪ್ಯಾರಿನೆಲ್ಲೊ. (1980ರ ಹೊತ್ತಿಗೆ ರಹಮಾನ್ ಜೊತೆ ಕೆಲಸ ಮಾಡಿದ್ದ ಪ್ಯಾರಿನೆಲ್ಲೊ ಇವರೇ.) ಅವರು ಬಳಸಿದ್ದು ನ್ಯೂರಲ್ ನೆಟ್‌ವರ್ಕ್, ಅದು ಮಷೀನ್ ಲರ್ನಿಂಗಿನ ಒಂದು ಬಗೆ. ಅದನ್ನು ಬೇರೆಯವರು ಅದಕ್ಕೂ ಮುಂಚೆ ಪ್ರಯತ್ನಿಸಿದ್ದರು. ಆದರೆ ಅವು ಇಂತಿಷ್ಟೇ ಪರಮಾಣು ಅಂತ ಕಟ್ಟಿದವು. ಒಂದು ಜಾಸ್ತಿಯಾದರೆ ಮೊದಲಿನಿಂದ ಶುರು.

ಬೆಲರ್ ಮತ್ತು ಪ್ಯಾರಿನೆಲ್ಲೊ ತಮ್ಮ ನೆಟ್‌ವರ್ಕಿಗೆ ಇಡೀ ವಸ್ತುವಿನ ಶಕ್ತಿಯನ್ನು ಒಟ್ಟಿಗೆ ಕೇಳಲಿಲ್ಲ. ಒಂದೊಂದು ಪರಮಾಣುವಿನ ಪಾಲು ಎಷ್ಟು ಅಂತ ಕೇಳಿ ಕೂಡಿಸಿದರು. ಪರಮಾಣು ನೋಡುವುದು ಕೆಲವೇ ಆಂಗ್‌ಸ್ಟ್ರಾಮ್ (ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು) ದೂರದೊಳಗಿನ ನೆರೆಹೊರೆಯನ್ನು: ಯಾರು ಎಷ್ಟು ದೂರ, ಯಾವ ಕೋನದಲ್ಲಿ. ಇದನ್ನೆಲ್ಲ ಅಂಕಿಗಳಾಗಿ ಬರೆಯುವಾಗ ಒಂದು ಎಚ್ಚರ ಬೇಕು. ಹರಳನ್ನು ತಿರುಗಿಸಿಟ್ಟರೂ ಅಂಕಿ ಬದಲಾಗಬಾರದು, ಒಂದೇ ಜಾತಿಯ ಎರಡು ಪರಮಾಣು ಅದಲುಬದಲಾದರೂ ಬದಲಾಗಬಾರದು. ಇಲ್ಲದಿದ್ದರೆ ಅದೇ ಹರಳನ್ನು ಮಷೀನ್ ಹೊಸದು ಅಂದುಕೊಳ್ಳುತ್ತದೆ. ಕಲಿಯಲು ಬೇಕಾದ ಉದಾಹರಣೆ ಬರುವುದು ಡಿ.ಎಫ್.ಟಿ.ಯಿಂದಲೇ. ಚಿಕ್ಕ ತುಂಡಿನಲ್ಲಿ ಕಲಿತದ್ದು ದೊಡ್ಡದಕ್ಕೂ ನಡೆಯುತ್ತದೆ, ಯಾಕಂದರೆ ಪ್ರತಿ ಪರಮಾಣುವೂ ನೋಡುವುದು ತನ್ನ ಅಕ್ಕಪಕ್ಕವನ್ನಷ್ಟೇ.

ಅಲ್ಲಿಂದ ಮುಂದೆ ಓಟವೇ ಓಟ. 2010ರಲ್ಲಿ ಕೇಂಬ್ರಿಡ್ಜ್ ತಂಡದ ಇನ್ನೊಂದು ವಿಧಾನ ಬಂತು. 2020ರಲ್ಲಿ ಸಮಿಟ್ ಎಂಬ ಸೂಪರ್ ಕಂಪ್ಯೂಟರಿನಲ್ಲಿ ಹತ್ತು ಕೋಟಿಗೂ ಮೀರಿದ ಪರಮಾಣುಗಳನ್ನು ಓಡಿಸಿದ ತಂಡಕ್ಕೆ ಸೂಪರ್ ಕಂಪ್ಯೂಟರ್ ಕೆಲಸಕ್ಕೆ ಕೊಡುವ ಗಾರ್ಡನ್ ಬೆಲ್ ಪ್ರಶಸ್ತಿ ಸಿಕ್ಕಿತು. 2023ರಲ್ಲಿ ಗೂಗಲ್ ಡೀಪ್‌ಮೈಂಡ್ 22 ಲಕ್ಷ ಹೊಸ ಹರಳುಗಳನ್ನು ಕಂಪ್ಯೂಟರಿನಲ್ಲೇ ಊಹಿಸಿರುವುದಾಗಿ ಸಾರಿತು. ಅದರಲ್ಲಿ ಕೆಲಸಕ್ಕೆ ಬರುವವು ಎಷ್ಟು ಅಂತ ರಸಾಯನಶಾಸ್ತ್ರಜ್ಞರು ತಕರಾರು ತೆಗೆದರು, ಅದು ನ್ಯಾಯವಾದ ತಕರಾರೇ.

ನನ್ನ ಪ್ರಕಾರ ದೊಡ್ಡ ಸುದ್ದಿ ಬೇರೆ. 2022ರಿಂದೀಚೆಗೆ ಎಂ3ಜಿನೆಟ್, ಮೇಸ್‌ನಂಥ ಮಾಡೆಲ್‌ಗಳು ಆವರ್ತಕ ಕೋಷ್ಟಕದ ಬಹುಪಾಲನ್ನು ಒಟ್ಟಿಗೇ ಕಲಿತು ಬಂದಿವೆ. ಡೌನ್‌ಲೋಡ್ ಉಚಿತ. ಮಾನಸಗಂಗೋತ್ರಿಯ ಎಂ.ಎಸ್ಸಿ. ಹುಡುಗಿಯೊಬ್ಬಳು ಗೇಮ್ ಆಡುವವರು ಕೊಳ್ಳುವ ಗ್ರಾಫಿಕ್ಸ್ ಕಾರ್ಡಿನಲ್ಲೇ ಸಾವಿರಾರು ಪರಮಾಣುಗಳನ್ನು ಓಡಿಸಿ ನೋಡಬಹುದು.

ಹಾಗಂತ ಕಣ್ಣು ಮುಚ್ಚಿ ನಂಬುವ ಹಾಗಿಲ್ಲ. ಮಂಡ್ಯದ ಆಲೆಮನೆಯಲ್ಲಿ ನುರಿತವರು ಕೊಪ್ಪರಿಗೆ ನೋಡಿಯೇ ಪಾಕ ಬಂತು ಅನ್ನುತ್ತಾರೆ, ಥರ್ಮಾಮೀಟರ್ ಬೇಡ. ತಾಳೆಬೆಲ್ಲದ ಪಾಕ ಮುಂದಿಟ್ಟರೆ ಅವರೂ ತಡವರಿಸಬಹುದು. ಈ ಮಾಡೆಲ್‌ಗಳ ಪಾಡೂ ಅದೇ. ಅವು ಕಲಿತದ್ದು ಹೆಚ್ಚಾಗಿ ಪರಮಾಣುಗಳು ತಮ್ಮ ಜಾಗದಲ್ಲಿ ನೆಮ್ಮದಿಯಾಗಿ ಕೂತ ಹರಳುಗಳನ್ನು. ಜಿಗಿಯುವ ಅಯಾನು ನಡುದಾರಿಯಲ್ಲಿ ಇಕ್ಕಟ್ಟಿಗೆ ಸಿಕ್ಕಾಗ ಶಕ್ತಿ ಏರುತ್ತದೆ. ಆ ಏರನ್ನು ಹಲವು ಮಾಡೆಲ್‌ಗಳು ಕಮ್ಮಿ ತೋರಿಸುತ್ತವೆ ಎಂದು 2024ರ ಅಧ್ಯಯನವೊಂದು ಹೇಳಿತು. ಏರು ಕಮ್ಮಿ ಅಂದರೆ ಲಿಥಿಯಂ ನಿಜಕ್ಕಿಂತ ಜೋರಾಗಿ ಓಡಿದಂತೆ ಕಾಣುತ್ತದೆ, ಸುಮಾರಾದ ವಸ್ತುವೂ ಭರ್ಜರಿ ಬ್ಯಾಟರಿಯಂತೆ ಕಾಣುತ್ತದೆ.

ಇದಕ್ಕೆ ಮದ್ದೂ ಇದೆ. ಒಂದೇ ಉದಾಹರಣೆಗಳಿಂದ ಮೂರು ನಾಲ್ಕು ಮಾಡೆಲ್ ತಯಾರಿಸಿ ಒಟ್ಟಿಗೆ ಓಡಿಸುತ್ತಾರೆ. ಎಲ್ಲಿ ಅವುಗಳ ಉತ್ತರ ಬೇರೆ ಬೇರೆಯಾಗುತ್ತದೋ ಆ ಜೋಡಣೆಯನ್ನು ಎತ್ತಿಕೊಂಡು, ಹಳೇ ಡಿ.ಎಫ್.ಟಿ.ಯಲ್ಲೇ ಲೆಕ್ಕ ಹಾಕಿ, ಉದಾಹರಣೆಗಳ ಜೊತೆ ಸೇರಿಸಿ ಮತ್ತೆ ಕಲಿಸುತ್ತಾರೆ. ಎಷ್ಟೋ ಸಲ ಹೀಗೆ ಕೆಲವೇ ಜೋಡಣೆ ಸೇರಿಸಿದರೂ ಆ ಏರು ಸಾಕಷ್ಟು ಸರಿಹೋಗುತ್ತದೆ.