ದುಡ್ಡಿಗೆ ಹೆದ್ದಾರಿ, ದುಡಿಯುವವನಿಗೆ ಕಾಲುದಾರಿ

ಗಂಗಾವತಿಯ ಸೋನಾ ಮಸೂರಿ ಹಡಗು ಹತ್ತಿದರೆ ರಫ್ತು ಅಂತ ಇಲ್ಲಿನ ರೈಸ್‌ಮಿಲ್ ಹಮಾಲರಿಗೂ ಗೊತ್ತು. ಪಕ್ಕದ ಸಾಣಾಪುರದಲ್ಲಿ ವಿದೇಶಿ ಪ್ರವಾಸಿಯನ್ನು ಹರಿಗೋಲಿನಲ್ಲಿ ಕೂಡಿಸಿಕೊಂಡು ಒಂದು ಸುತ್ತು ಹಾಕಿಸುವ ಅಂಬಿಗನೂ ರಫ್ತುದಾರನೇ. ಅವನು ಮಾರುವುದು ಸರಕಲ್ಲ, ಸೇವೆ.

ಸೇವೆಗಳಿಗೂ ಜಾಗತಿಕ ಕಟ್ಟಳೆ ಬೇಕೆಂಬ ಕೂಗು ಎದ್ದದ್ದು ಮಾತ್ರ ಇಂಥ ಅಂಬಿಗರಿಂದಲ್ಲ. ದೇಶ ದೇಶಗಳ ವ್ಯಾಪಾರಕ್ಕೆ ನಿಯಮ ಹಾಕಿದ 1947ರ ಗ್ಯಾಟ್ ಒಪ್ಪಂದ ಸರಕುಗಳಿಗಷ್ಟೇ ಸೀಮಿತವಾಗಿತ್ತು. ಅಮೆರಿಕನ್ ಎಕ್ಸ್‌ಪ್ರೆಸ್, ಎಐಜಿಯಂಥ ಅಮೆರಿಕದ ಹಣಕಾಸು, ವಿಮಾ ಕಂಪನಿಗಳು ಸೇವೆಗಳನ್ನೂ ಸೇರಿಸಿ ಎಂದು ತಮ್ಮ ಸರ್ಕಾರದ ಬೆನ್ನು ಬಿದ್ದವು. 1986ರಲ್ಲಿ ಉರುಗ್ವೆಯ ಪುಂಟಾ ಡೆಲ್ ಎಸ್ಟೆಯಲ್ಲಿ ನಡೆದ ಗ್ಯಾಟ್ ಸಭೆಯಲ್ಲಿ ಭಾರತ, ಬ್ರೆಜಿಲ್ ಮುಂದಾಳತ್ವದಲ್ಲಿ ಹತ್ತು ದೇಶಗಳು ಇದಕ್ಕೆ ಅಡ್ಡ ನಿಂತವು. ಆ ಹಠ ಸರಿಯಾಗಿಯೇ ಇತ್ತು ಎನ್ನುವವನು ನಾನು, ಬ್ಯಾಂಕಿನಂಥ ಸೇವೆ ಹಳ್ಳಿ ಮುಟ್ಟಲು ಸರ್ಕಾರದ ಹಿಡಿತ ಬೇಕಿತ್ತು. ನಮ್ಮ ಕಡೆಯ ಹಳ್ಳಿಗಳಿಗೆ ಬ್ಯಾಂಕ್ ಬಂದದ್ದೇ 1969ರ ರಾಷ್ಟ್ರೀಕರಣದ ನಂತರ. 1976ರಲ್ಲಿ ಬಳ್ಳಾರಿಯಲ್ಲಿ ಹುಟ್ಟಿದ ತುಂಗಭದ್ರಾ ಗ್ರಾಮೀಣ ಬ್ಯಾಂಕಿನ ಬೆನ್ನಿಗಿದ್ದದ್ದು ರಾಷ್ಟ್ರೀಕೃತ ಕೆನರಾ ಬ್ಯಾಂಕು.

1991ರ ವಿದೇಶಿ ವಿನಿಮಯದ ಬಿಕ್ಕಟ್ಟಿನ ಹೊತ್ತಿಗೆ ಆ ಹಠ ಸಡಿಲವಾಗಿತ್ತು. 1995ರ ಜನವರಿ 1ರಿಂದ ಸೇವೆಗಳ ವ್ಯಾಪಾರದ ಒಪ್ಪಂದವಾದ ಗ್ಯಾಟ್ಸ್ ಜಾರಿಗೆ ಬಂತು. ಅದರಲ್ಲಿ ನಾಲ್ಕು ದಾರಿಗಳಿವೆ: ಸೇವೆಯೇ ಗಡಿ ದಾಟುವುದು, ಗಿರಾಕಿ ಬರುವುದು (ನಮ್ಮ ಅಂಬಿಗನದು ಇದು), ಕಂಪನಿ ಬಂದು ಶಾಖೆ ತೆರೆಯುವುದು, ಕೆಲಸಗಾರ ಹೋಗುವುದು. ಮೂರನೆಯದು ಬಂಡವಾಳದ ದಾರಿ, ಅದು ಅಗಲವಾಗುತ್ತಲೇ ಹೋಯಿತು. ನಮ್ಮ ವಿಮಾ ಕ್ಷೇತ್ರದಲ್ಲಿ ವಿದೇಶಿ ಪಾಲಿನ ಮಿತಿ 1999ರ ಕಾಯ್ದೆಯಲ್ಲಿ ಶೇ 26 ಇದ್ದದ್ದು 2015ರಲ್ಲಿ 49, 2021ರಲ್ಲಿ 74 ಆಯಿತು. ನಾಲ್ಕನೆಯದನ್ನು ಅಗಲ ಮಾಡಿ ಎಂದು ಭಾರತ ಕೇಳುತ್ತಲೇ ಬಂದಿದೆ. ಅಮೆರಿಕ ಆ ಒಪ್ಪಂದದಲ್ಲಿ ಬರೆದುಕೊಟ್ಟದ್ದು ವರ್ಷಕ್ಕೆ 65,000 ಎಚ್‌-1ಬಿ ವೀಸಾ, ಅಂದರೆ ತಾತ್ಕಾಲಿಕ ಕೆಲಸದ ಪರವಾನಗಿ, ಅದೂ ಓದಿದವರಿಗೆ. ಅಮೆರಿಕ ವೀಸಾ ಶುಲ್ಕ ಏರಿಸಿದ್ದನ್ನು ಭಾರತ 2016ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಮುಂದೆ ಒಯ್ಯಬೇಕಾಯಿತು.

ಓದದವರ ಗತಿ? ರಾಯಚೂರಿನ ಒಂದು ಜೆರಾಕ್ಸ್ ಅಂಗಡಿಯಲ್ಲಿ ಸಿಂಧನೂರು ಕಡೆಯ ಸೆಂಟ್ರಿಂಗ್ ಕೆಲಸದ ಹುಡುಗನೊಬ್ಬ ಪ್ಲಾಸ್ಟಿಕ್ ಕವರಿನಿಂದ ಹೊಸ ಪಾಸ್‌ಪೋರ್ಟ್ ತೆಗೆದು, ‘ಇಸಿಆರ್’ (ವಲಸೆ ತಪಾಸಣೆ ಅಗತ್ಯ) ಎಂಬ ಮೂರು ಅಕ್ಷರದ ಮೇಲೆ ಬೆರಳಿಟ್ಟ. “ಅಣ್ಣಾ, ಇದು ಇದ್ರ ದುಬೈಗೆ ಹೋಗಾಕ ಬರಲ್ಲೇನು?”

ಹೋಗಬಹುದು. ಹತ್ತನೇ ತರಗತಿ ಪಾಸಾಗದವರು ಕೊಲ್ಲಿ ದೇಶಗಳೂ ಸೇರಿ 18 ದೇಶಗಳಿಗೆ ದುಡಿಯಲು ಹೋಗುವ ಮುನ್ನ 1983ರ ವಲಸೆ ಕಾಯ್ದೆಯಡಿ ಸರ್ಕಾರದ ಅನುಮತಿ ಪಡೆಯಬೇಕು, ಅಷ್ಟೇ. ಏಜೆಂಟರ ಮೋಸ ತಡೆಯಲು ಈ ನಿಯಮ ಬೇಕೇ ಬೇಕು. ಅವನಿಗೆ ಹೇಳಲು ಕಷ್ಟವಾದದ್ದು ಬೇರೆ: ಕೆಲಸ ಹುಡುಕಿಕೊಂಡು ಬೇರೆ ದೇಶದ ಉದ್ಯೋಗ ಮಾರುಕಟ್ಟೆಗೆ ಹೋಗುವವರಿಗೆ ತಾನು ಅನ್ವಯಿಸುವುದಿಲ್ಲ ಎಂದು ಗ್ಯಾಟ್ಸ್‌ನ ಅನುಬಂಧವೊಂದರಲ್ಲೇ ಬರೆದಿದೆ. ಬ್ಯಾಂಕಿನ ಶಾಖೆಗೆ ಅಲ್ಲಿ ಪೂರಾ ಒಂದು ದಾರಿಯಿದೆ, ಈ ಹುಡುಗನಿಗೆ ಒಂದು ಸಾಲೂ ಇಲ್ಲ.